ನೂರಕ್ಕೆ ನೂರು ಅಂದ್ರ ಮುಗೀತು ಅಂತಲ್ಲ | ಭಾಗ 6

ದೋಸ್ತರ, ಈ ಸಲದ ಭಾಗ ಸ್ವಲ್ಪ ಟೆಕ್ನಿಕಲ್ ಐತಿ. ಆದ್ರ ಲೆಕ್ಕಪತ್ರ ಓದೋ ನಮಗ ಇದು ಬಿಸಿಎ ಮಂದಿಗಿಂತ ಬೇಗ ತಿಳೀತೈತಿ ಅನ್ನೋದು ನನ್ನ ವಾದ. ಪೂರ್ತಿ ಓದ್ರಿ.

ಒಂದು ಕಿರಾಣಿ ಅಂಗಡಿ ಅಂದ್ಕೋರಿ. ಖಾತೆ ಪುಸ್ತಕ ಹರಿದೈತಿ, ಹೊಸದಕ್ಕ ಇಳಿಸಬೇಕು. ಅಂಗಡಿ ಮುಚ್ಚೋ ಹಂಗಿಲ್ಲ. ನೀವು 80ನೇ ಪುಟ ಬರೆಯೋ ಹೊತ್ತಿಗೆ ಯಾರೋ ಬಂದು 12ನೇ ಪುಟದ ಉದ್ರಿ ತೀರಿಸಿ ಹೋಗ್ತಾರ. ಆಗ ಒಂದು ಚೀಟಿ ಮ್ಯಾಲೆ "12" ಅಂತ ಗುರುತು ಹಾಕ್ಕೊಂಡು, ಆಮ್ಯಾಲೆ ಆ ಪುಟ ಮತ್ತೊಮ್ಮೆ ಇಳಿಸ್ತೀರಿ.

ಸರ್ವರ್‌ನಾಗ ಡಿಸ್ಕ್ ಮಿರರ್ ಮಾಡೋದೂ ಹಿಂಗ. ಒಂದೇ ದೊಡ್ಡ ಕಂಪ್ಯೂಟರ್ ಒಳಗ ಹತ್ತಾರು ವರ್ಚುವಲ್ ಮಷೀನ್ ಓಡ್ತಿರ್ತಾವ. ಅವನ್ನ ಓಡಿಸೋ ಸಾಫ್ಟ್‌ವೇರ್ ಕ್ಯೂಎಮು, ಅದನ್ನ ನಿರ್ವಹಿಸೋದು ಲಿಬ್‌ವರ್ಟ್. ಎರಡೂ ಓಪನ್ ಸೋರ್ಸ್. ಮಷೀನ್ ನಿಲ್ಲಿಸದೆ ಅದರ ಡಿಸ್ಕ್ ಬದಲಿಸಬೇಕಂದ್ರ ಕ್ಯೂಎಮು ಹಳೇದನ್ನ ಹೊಸದಕ್ಕ ನಕಲು ಮಾಡ್ತಾ ಹೋಗ್ತೈತಿ. ನಡುವೆ ಬದಲಾದ ಜಾಗಗಳನ್ನ ಗುರುತಿಟ್ಟು ಮತ್ತೆ ನಕಲು ಮಾಡ್ತೈತಿ. ಹೊಸದು ಹಳೇದನ್ನ ಹಿಡಿದ ಮ್ಯಾಲಷ್ಟೇ "ರೆಡಿ" ಅಂತೈತಿ.

ರೆಡಿ ಅಂದ್ರೂ ಕೆಲಸ ಮುಗಿದಿಲ್ಲ, ಗಮನಿಸ್ರಿ. ಅಲ್ಲಿಂದ ಮುಂದ ಎರಡೂ ಡಿಸ್ಕ್ ಜೋಡಿಯಾಗಿ ನಡೀತಾವ. ಹೊಸದಕ್ಕ ದಾಟೋದಾ (ಪಿವಟ್), ಹಳೇದರಾಗ ಉಳಿಯೋದಾ ಅನ್ನೋದನ್ನ ಯಾರಾದ್ರೂ ನಿರ್ಧಾರ ಮಾಡಬೇಕು.

ಈಗ ತಂಟೆ ಎಲ್ಲಿ? ನಿರ್ವಹಣೆ ಸಾಫ್ಟ್‌ವೇರ್ ಬರೆದವರು ಕೆಲವರು ಎರಡು ಅಂಕಿ ಮಾತ್ರ ನೋಡ್ತಿದ್ರು: ಎಷ್ಟು ನಕಲಾತು, ಒಟ್ಟು ಎಷ್ಟು. ಎರಡೂ ಸಮ ಆದ್ವು ಅಂದ್ರ ಮುಗೀತು ಅಂತ ತಿಳ್ಕೊಂಡ್ರು. ಆದ್ರ ಅಂಕಿ ಸಮ ಇದ್ದಾಗಲೂ ಕ್ಯೂಎಮು ಇನ್ನೂ ರೆಡಿ ಅಂದಿರೋದಿಲ್ಲ, ಅಂಥ ಗಳಿಗೆ ಬರ್ತೈತಿ. ಆಗ ಪಿವಟ್ ಅಂದ್ರ ಆಗೋದಿಲ್ಲ. ಅದಕ್ಕ ಲಿಬ್‌ವರ್ಟ್ ಏನ್ ಮಾಡ್ತೈತಿ ಗೊತ್ತಾ? ರೆಡಿ ಆಗೋ ತನಕ ಅಂಕಿಯೊಳಗ ಒಂದು ಕಡಿಮೆ ಮಾಡಿ ತೋರಿಸ್ತೈತಿ, ಯಾರೂ ಮೋಸ ಹೋಗಬಾರದು ಅಂತ! ಜೊತಿಗೆ ಮಿರರ್ ಯಾವ ಹಂತದಾಗೈತಿ ಅನ್ನೋದನ್ನ ತನ್ನ ದಾಖಲೆಯೊಳಗ ಬರೆದಿಡ್ತೈತಿ. ಮಷೀನ್ ಓಡ್ತಿರುವಾಗಲೇ ಲಿಬ್‌ವರ್ಟ್ ರೀಸ್ಟಾರ್ಟ್ ಆದ್ರೂ ಕೆಲಸ ಮರೆಯಬಾರದಲ್ಲ.

ನಮ್ಮ ಭಾಷೆಯೊಳಗ ಹೇಳಬೇಕಂದ್ರ ಇದು ಟ್ರಯಲ್ ಬ್ಯಾಲೆನ್ಸ್ ಪಾಠ. ಡೆಬಿಟ್, ಕ್ರೆಡಿಟ್ ತಾಳೆ ಆದ್ವು ಅಂದ ಮಾತ್ರಕ್ಕ ಪುಸ್ತಕ ಸರಿ ಐತಿ ಅಂತಲ್ಲ. ಒಂದು ನಮೂದು ಪೂರ್ತಿ ಬಿಟ್ಟುಹೋದ್ರೂ ಮೊತ್ತ ತಾಳೆ ಆಗ್ತೈತಿ.

ಹಲಸಂಗಿಯವರಿಗೆ ಇನ್ನೊಂದು ಉದಾಹರಣೆ. ನಮ್ಮ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಹಾಡು ಕೂಡಿಸಿ 1931ರಲ್ಲಿ "ಗರತಿಯ ಹಾಡು" ತಂದ್ರು. ಅದು ಆ ಹೊತ್ತಿನ ನಕಲು, ಬೆಲೆಬಾಳೋ ನಕಲು. ಪುಸ್ತಕ ಅಚ್ಚಾದ ಮ್ಯಾಲೂ ಬೀಸೋಕಲ್ಲಿನ ಮುಂದ ಹಾಡು ಬದಲಾಗ್ತಾನೇ ಇತ್ತು. ಮಿರರ್ ಅಂದ್ರ ಹಂಗಲ್ಲ, ಬದಲಾದದ್ದೂ ಜೊತಿಗೆ ಬರಬೇಕು.

ಇದು ನಮಗ್ಯಾಕ ಅಂತೀರೇನು? ಭೂಮಿ ಯೋಜನೆಯೊಳಗ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್‌ಗೆ ಹೋದ್ವು. ನಿಮ್ಮ ಅಪ್ಪಾರ ಹೊಲದ ಉತಾರ, ನಿಮ್ಮ ಮಾರ್ಕ್ಸ್, ಬ್ಯಾಂಕಿನ ಲೆಕ್ಕ ಎಲ್ಲಾ ಯಾವುದೋ ಡಿಸ್ಕ್ ಮ್ಯಾಲೆ ಕುಂತಾವ. ಡಿಸ್ಕ್ ಹಳೇದಾಗ್ತೈತಿ, ಬದಲಿಸಲೇಬೇಕು. ಆ ಹೊತ್ತಿನಾಗ ಯಾರೋ ಅಂಕಿ ನೋಡಿ ಅವಸರ ಮಾಡಿದ್ರ, ಬೆಳೆ ಸಾಲಕ್ಕಂತ ಉತಾರ ತಗಿಸೋಕೆ ಪಾಳಿ ಹಚ್ಚಿದ ರೈತ ಬರಿಗೈಲೆ ಮನಿಗೆ ಹೋಗಬೇಕಾಗ್ತೈತಿ.

ಅದಕ್ಕ ನನ್ನ ಅಭಿಪ್ರಾಯ ಇಷ್ಟ: ಪರದೆ ಮ್ಯಾಲೆ ಶೇಕಡಾ ಅಂಕಿಗಿಂತ ಸ್ಥಿತಿ ಮುಖ್ಯ. "ನಡೀತಿದೆ", "ರೆಡಿ", "ದಾಟಿದ್ದಾಯ್ತು", "ರದ್ದಾಯ್ತು" ಈ ನಾಲ್ಕೂ ಬೇರೆ ಬೇರೆ ಮಾತು, ಬೇರೆ ಬೇರೆ ಆಗೇ ಕಾಣಬೇಕು. ಯುಪಿಐನಾಗ "ಪೆಂಡಿಂಗ್" ಅಂತ ಬಂದ್ರ ನಾವು ಮತ್ತೊಮ್ಮೆ ರೊಕ್ಕ ಕಳಿಸೋದಿಲ್ಲಲ್ಲ, ಕಾಯ್ತೀವಿ. ಆ ಒಂದು ಶಬ್ದ ನಮ್ಮ ರೊಕ್ಕ ಉಳಿಸ್ತೈತಿ.

ನಾಳೆ ನೀವು ಆಡಿಟರ್ ಆಗಿ ಕುಂತಾಗ "ಡೇಟಾ ಹೊಸ ಸರ್ವರ್‌ಗೆ ಹೋತು ಸರ್" ಅಂತ ಯಾರಾದ್ರೂ ಅಂದ್ರ ಕೇಳ್ರಿ: ರೆಡಿ ಆತೋ, ದಾಟಿತೋ? ದಾಖಲೆ ಎಲ್ಲೈತಿ?

ನಿಮ್ಮ ಕಡೆ ಯಾವ ಆ್ಯಪ್ "ಮುಗೀತು" ಅಂತ ಹೇಳಿ ಮುಗಿಸಿರಲಿಲ್ಲ? ಕಮೆಂಟ್‌ನಾಗ ಹೇಳ್ರಿ.

#ಹಲಸಂಗಿ #ಬಿಕಾಂಹುಡುಗರು #ಲೆಕ್ಕದಮಾತು