ಗುಳಿಗೆ ಯಾರ ಕೈಯಿಂದ, ಯಾರ ಬಾಯಿಗೆ?

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬುದು ಹಿರಿಯರ ಮಾತು. ಈ ಮಾತನ್ನು ನಾವು ಇದುವರೆಗೆ ಪೋಲೀಸರಿಗೆ, ತಲಾಠಿಗಳಿಗೆ, ಸೊಸಾಯಿಟಿಯ ಚೇರಮನ್ನರಿಗೆ ಅನ್ವಯಿಸಿ ಬರೆದಿದ್ದೇವೆ. ಇಂದು ಅದನ್ನು ವಿದ್ಯಾರ್ಥಿಗಳಿಗೆ ಅನ್ವಯಿಸಬೇಕಾಗಿ ಬಂದಿದೆ. ಅದೂ ಡಾಕ್ಟರಿಕೆ, ಫಾರ್ಮಸಿ, ನರ್ಸಿಂಗ್ ಕಲಿಯುತ್ತಿರುವ, ನಾಳೆ ನಮ್ಮ ನಾಡಿ ಹಿಡಿಯಬೇಕಾದ ವಿದ್ಯಾರ್ಥಿಗಳಿಗೆ.

ಮಂಗಳೂರಿನ ವೈದ್ಯಕೀಯ ವಿದ್ಯಾರ್ಥಿಗಳನ್ನು ವಿಚಾರಿಸಿ ಬರೆದ ಎರಡು ಅಧ್ಯಯನಗಳು 2012 ಮತ್ತು 2013ರಲ್ಲಿ ಪ್ರಕಟವಾದವು. ಡಾಕ್ಟರರನ್ನು ಕೇಳದೆ ತಮ್ಮಷ್ಟಕ್ಕೆ ತಾವೇ ಔಷಧ ನುಂಗುವವರು ಒಂದರಲ್ಲಿ ನೂರಕ್ಕೆ 78ಕ್ಕೂ ಮೇಲ್ಪಟ್ಟು, ಇನ್ನೊಂದರಲ್ಲಿ 92. ಜ್ವರಕ್ಕೆ, ತಲೆನೋವಿಗೆ, ನೆಗಡಿಗೆ ಗುಳಿಗೆ. ಅಲ್ಲಿಗೇ ನಿಲ್ಲದೆ ಆಂಟಿಬಯೋಟಿಕ್ ಕೂಡ. ಕಾರಣ ಕೇಳಿದರೆ, ಸಣ್ಣ ಬೇನೆ, ವೇಳೆ ಉಳಿಯುತ್ತದೆ, ನಮಗೆ ತಿಳಿದಿದೆ! ಪಾಠ ಹೇಳಿದವರಾರು? ಒಂದು ವರ್ಷ ಮುಂದೆ ಓದುವ ಗೆಳೆಯ, ಎಂದೋ ಬರೆಸಿಕೊಂಡ ಹಳೆಯ ಚೀಟಿ, ಅರ್ಧ ಓದಿದ ಪುಸ್ತಕ.

ಓದುಗರು ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಈ ಮಕ್ಕಳು ಮಲಗುವುದು ಆಸ್ಪತ್ರೆಯ ಆವರಣದ ವಸತಿಗೃಹದಲ್ಲಿ. ಕಿಟಕಿ ತೆಗೆದರೆ ದವಾಖಾನೆ. ಬೆಳಿಗ್ಗೆ ಎದ್ದು ಹೋಗಿ ನಿಲ್ಲುವುದು ಅದೇ ದೊಡ್ಡ ಡಾಕ್ಟರರ ಹಿಂದೆ. ಸಾವಳಗಿಯ ಮುದುಕನೊಬ್ಬ ಕೃಷ್ಣೆಯನ್ನು ದಾಟಿ ಜಮಖಂಡಿಗೆ ಬಸ್ಸಿನಲ್ಲಿ ಹೋಗಿ, ಸಾಲಿನಲ್ಲಿ ಕುಳಿತು, ಸಂಜೆಯ ಬಸ್ಸಿಗೆ ತಿರುಗಿ ಬರಬೇಕು. ಇವರಿಗೆ ಮೆಟ್ಟಿಲು ಇಳಿದರೆ ಸಾಕು. ಆದರೂ ಇಳಿಯುವುದಿಲ್ಲ. ಆದ್ದರಿಂದ ದವಾಖಾನೆ ದೂರ ಎಂಬ ನೆವ ಇವರಿಗೆ ಸಲ್ಲದು.

ನಾವು ಹದಿನಾರು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವರು. ಕಲಿತವನಿಗಿಂತ ಅರ್ಧ ಕಲಿತವನು ಹೆಚ್ಚು ಧೈರ್ಯವಂತ ಎಂಬುದನ್ನು ಕರಿಹಲಗೆಯ ಮುಂದೆ ನಿಂತು ಕಂಡಿದ್ದೇವೆ. ಗುಣಾಕಾರ ಬರುವವನು ಎರಡು ಸಲ ನೋಡಿ ಉತ್ತರ ಬರೆಯುತ್ತಾನೆ. ಬಾರದವನು ಒಮ್ಮೆಗೇ ಕೈ ಎತ್ತುತ್ತಾನೆ. ಲೆಕ್ಕ ತಪ್ಪಿದರೆ ಅಳಿಸಬಹುದು. ಮೂತ್ರಪಿಂಡ ಕೆಟ್ಟರೆ ಯಾವ ಬಟ್ಟೆಯಿಂದ ಅಳಿಸುವುದು?

ಇದು ಒಣ ಮಾತಲ್ಲ. ನಮ್ಮ ಕೈಯಲ್ಲಿ ಓದಿದ ಹುಡುಗಿಯೊಬ್ಬಳು ಪಕ್ಕದ ಜಿಲ್ಲೆಯ ಊರೊಂದರಲ್ಲಿ ನರ್ಸಿಂಗ್ ಸೇರಿದಳು. ತಂದೆ ಬನಹಟ್ಟಿಯ ಕಡೆ ವಿದ್ಯುತ್ ಮಗ್ಗದ ಕೆಲಸಗಾರ. ಹತ್ತು ಹನ್ನೆರಡು ತಾಸು ನಿಂತೇ ದುಡಿಯುವವನು. ಮಗಳು ಮೊದಲ ವರ್ಷದ ರಜೆಗೆ ಬಂದಾಗ ಓಣಿಗೆ ಓಣಿಯೇ ಅವಳ ಮನೆಯ ಕಟ್ಟೆಗೆ ಬಂದಿತು. ಒಬ್ಬಳಿಗೆ ಮೊಣಕಾಲು, ಒಬ್ಬನಿಗೆ ಎದೆಯುರಿ, ಕೂಸಿಗೆ ಭೇದಿ. ತಂದೆಗೆ ಸೊಂಟನೋವು. ಹುಡುಗಿ ತಾನು ತಲೆನೋವಿಗೆ ವಸತಿಗೃಹದಲ್ಲಿ ನುಂಗುತ್ತಿದ್ದ ಗುಳಿಗೆಯ ಹೆಸರನ್ನೇ ಕಾಗದದ ಮೇಲೆ ಬರೆದು ತಂದೆಗೆ ಕೊಟ್ಟಳು. ತಂದೆಗೆ ಹಿಗ್ಗು. ಆ ಕಾಗದವನ್ನು ನಮಗೂ ತೋರಿಸಿದ. ‘ನೋಡ್ರಿ ಮಾಸ್ತರ್ರ, ನಮ್ಮ ಮಗಳ ಚೀಟಿ ಇದು, ನೂರು ರೂಪಾಯಿ ಫೀ ಉಳೀತು’ ಅಂದ. ಚಲೋ ಆಯಿತು ಅಂದೆವು ನಾವು. ಈ ಮಾತನ್ನು ಮುಚ್ಚಿಡುವ ಇಚ್ಛೆ ನಮಗಿಲ್ಲ. ನಮ್ಮ ಜೋಳಿಗೆಯಲ್ಲೂ ಆಗ ಅಂಥದೇ ಒಂದು ಪಟ್ಟಿ ಇತ್ತು. ಊರೂರು ತಿರುಗುವವರಿಗೆ ಕಾಲುನೋವು ತಪ್ಪಿದ್ದೇ?

ಆ ಕಾಗದ ಔಷಧ ಅಂಗಡಿಗೆ ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ದಿನಕ್ಕೊಂದು ಗುಳಿಗೆ ಎರಡಾಯಿತು. ಗುಳಿಗೆ ನುಂಗದಿದ್ದರೆ ಮಗ್ಗದ ಮುಂದೆ ನಿಲ್ಲಲಾಗದು, ನಿಲ್ಲದಿದ್ದರೆ ಮಜೂರಿ ಇಲ್ಲ. ಒಂದೂವರೆ ವರ್ಷಕ್ಕೆ ಕಾಲು ಬಾತವು, ಮುಖ ಬಾತಿತು. ದೊಡ್ಡ ದವಾಖಾನೆಯಲ್ಲಿ ರಕ್ತ ನೋಡಿದವರು ಹೇಳಿದ್ದು: ರಕ್ತದೊತ್ತಡ ಬಹಳ ದಿನದಿಂದ ಇದೆ, ಯಾರೂ ನೋಡಿಲ್ಲ; ಅದರ ಮೇಲೆ ನೋವಿನ ಗುಳಿಗೆ ಸೇರಿ ಮೂತ್ರಪಿಂಡ ಅರ್ಧಕ್ಕೂ ಹೆಚ್ಚು ಹೋಗಿದೆ. ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಮುಂತಾದ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ರಕ್ತದೊತ್ತಡವನ್ನು ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಆಗದಿರಬಹುದು, ಎರಡು ವರ್ಷಕ್ಕೆ ಆಗುತ್ತದೆ. ಇದು ಹುಡುಗಿಯ ಪುಸ್ತಕದಲ್ಲಿಯೂ ಇತ್ತು. ಆದರೆ ಆ ಪಾಠ ಬಂದದ್ದು ಆ ಕಾಗದ ಬರೆದುಕೊಟ್ಟ ಮರುವರ್ಷ. ‘ಸರ್, ನಾ ಅವತ್ತು ಬಿ.ಪಿ. ನೋಡಬೇಕಾಗಿತ್ತರಿ, ಮಷೀನು ನನ್ನ ಚೀಲದಾಗs ಇತ್ತು’ ಎಂದು ಅವಳು ಅತ್ತದ್ದನ್ನು ನಾವು ಮರೆಯಲಾರೆವು. ಹತ್ತೊಂಬತ್ತು ವರ್ಷದ ಹುಡುಗಿ.

ನೋವಿನ ಗುಳಿಗೆ ನುಂಗಿದವನನ್ನೇ ಕೆಡಿಸುತ್ತದೆ. ಆಂಟಿಬಯೋಟಿಕ್ ಹಾಗಲ್ಲ, ಒಬ್ಬ ನುಂಗಿದ್ದಕ್ಕೆ ಇನ್ನೊಬ್ಬ ಸಾಯಬಹುದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಬಹುಮಾನ ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೇ ಇದನ್ನು ಕತೆ ಮಾಡಿ ಹೇಳಿದ್ದರು. ಒಬ್ಬ ಗಂಡನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ತೆಗೆದುಕೊಂಡ. ಕ್ರಿಮಿಗಳು ಸಾಯಲಿಲ್ಲ, ಔಷಧವನ್ನು ಎದುರಿಸುವುದನ್ನು ಕಲಿತವು. ಅವು ಹೆಂಡತಿಗೆ ಅಂಟಿದವು. ಆಕೆಗೆ ನ್ಯುಮೋನಿಯಾ, ಅದೇ ಪೆನಿಸಿಲಿನ್ ಕೊಟ್ಟರೆ ನಾಟಲಿಲ್ಲ, ಆಕೆ ಸತ್ತಳು. ಕೊಂದವರಾರು ಎಂದು ಫ್ಲೆಮಿಂಗ್ ಸಭೆಯನ್ನು ಕೇಳಿದರು. ಮಗ್ಗದ ಮನೆಯಲ್ಲಿ ಗಂಡ ನೇಯುತ್ತಾನೆ, ಹೆಂಡತಿ ಅಲ್ಲೇ ಕುಳಿತು ಕಂಡಿಕೆ ಸುತ್ತುತ್ತಾಳೆ, ಕೂಸು ಅಲ್ಲೇ ಜೋಳಿಗೆಯಲ್ಲಿ ಮಲಗಿರುತ್ತದೆ. ಆ ಒಂದು ಖೋಲಿಯಲ್ಲಿ ಈ ಕತೆ ಹೇಗೆ ನಡೆದೀತೆಂದು ಓದುಗರು ತಾವೇ ಊಹಿಸಲಿ. 2019ರ ಒಂದೇ ವರ್ಷದಲ್ಲಿ ಹೀಗೆ ಮೊಂಡುಬಿದ್ದ ಕ್ರಿಮಿಗಳಿಂದಲೇ ಜಗತ್ತಿನಲ್ಲಿ 12 ಲಕ್ಷ 70 ಸಾವಿರ ಜನ ಸತ್ತರೆಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ನೆಗಡಿ ಬರುವುದು ವೈರಸ್ಸಿನಿಂದ, ಅದಕ್ಕೆ ಆಂಟಿಬಯೋಟಿಕ್ ನಾಟುವುದೇ ಇಲ್ಲ ಎಂಬುದು ಮೊದಲ ವರ್ಷದ ಹುಡುಗನಿಗೂ ಗೊತ್ತು. ಗೊತ್ತಿದ್ದೂ ಪರೀಕ್ಷೆಯ ಹಿಂದಿನ ದಿನ ಮೂರು ಗುಳಿಗೆ ನುಂಗಿ, ಮೂಗು ಸೋರುವುದು ತಾನಾಗಿ ನಿಂತರೆ ಗುಳಿಗೆಯ ಪ್ರತಾಪ ಎನ್ನುತ್ತಾನೆ.

ಇಷ್ಟು ಬರೆದು ಲೇಖನಿ ಕೆಳಗಿಟ್ಟರೆ ಪಟ್ಟಣದ ದೊಡ್ಡ ಪತ್ರಿಕೆಗಳಿಗೂ ನಮಗೂ ಭೇದ ಉಳಿಯದು. ಅವೂ ಬರೆಯುತ್ತವೆ. ಬರೆದು ಕೊನೆಗೆ, ಜನರಲ್ಲಿ ಜಾಗೃತಿ ಮೂಡಬೇಕು ಎನ್ನುತ್ತವೆ. ಜಾಗೃತಿ! ಸರಕಾರಕ್ಕೆ ಇಷ್ಟು ಅಗ್ಗದ ಔಷಧ ಇನ್ನೊಂದಿಲ್ಲ. ಒಂದು ಫಲಕ, ಒಂದು ಭಾಷಣ, ಒಂದು ಹಾರ. ಆ ನೇಕಾರ ಡಾಕ್ಟರರ ಬಳಿ ಏಕೆ ಹೋಗಲಿಲ್ಲ? ಅವನು ಹೆಡ್ಡನೇ? ಒಂದು ದಿನ ಹೋದರೆ ಒಂದು ದಿನದ ಮಜೂರಿ ಹೋಯಿತು, ಬಸ್ಸಿನ ಚಾರ್ಜು ಹೋಯಿತು, ಫೀ ಹೋಯಿತು, ಹೊರಗೆ ಬರೆದ ಔಷಧಕ್ಕೆ ಮತ್ತೆ ದುಡ್ಡು ಹೋಯಿತು. ಸರಕಾರದ ಸ್ವಂತ ಲೆಕ್ಕದ ಪ್ರಕಾರವೇ 2021-22ರಲ್ಲಿ ದೇಶದ ಆರೋಗ್ಯದ ಒಟ್ಟು ಖರ್ಚಿನಲ್ಲಿ ನೂರಕ್ಕೆ 39ಕ್ಕೂ ಹೆಚ್ಚು ಪಾಲು ಜನ ತಮ್ಮ ಕಿಸೆಯಿಂದ ತೆತ್ತದ್ದು. ಕಾರ್ಮಿಕರ ರಾಜ್ಯ ವಿಮೆಯ 1948ರ ಕಾಯಿದೆ ಹತ್ತು ಮಂದಿಗಿಂತ ಕಡಿಮೆ ದುಡಿಯುವ ಮಗ್ಗದ ಮನೆಯ ಹೊಸ್ತಿಲು ದಾಟಲಿಲ್ಲ. 2025ರ ನವೆಂಬರದಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ, ಅಂಥ ಕಡೆ ಮಾಲಕರೂ ಬಹುಪಾಲು ಕೆಲಸಗಾರರೂ ಒಪ್ಪಿದರೆ ಸೇರಬಹುದು ಎಂದಿದೆ. ಮಾಲಕರು ಒಪ್ಪಿದರೆ! ಬೆಕ್ಕು ಒಪ್ಪಿದರೆ ಇಲಿ ಗಂಟೆ ಕಟ್ಟಬಹುದು.

ವಿದ್ಯಾರ್ಥಿಯ ಮೇಲೂ ಇದೇ ನೊಗ, ಬೇರೆ ಬಣ್ಣದ್ದು. ನರ್ಸಿಂಗ್ ಕಲಿಯುವ ಹುಡುಗಿಯರಲ್ಲಿ ಹೆಚ್ಚಿನವರು ಸಾಲ ಮಾಡಿ ಫೀ ಕಟ್ಟಿದ ಬಡವರ ಮಕ್ಕಳು. ರಾತ್ರಿ ಪಾಳಿ, ಹಗಲು ಪಾಠ. ಜ್ವರ ಬಂತೆಂದು ಮಲಗಿದರೆ ಹಾಜರಿ ಕಡಿಮೆ, ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸರು. ಡಾಕ್ಟರರ ಬಳಿ ಹೋದರೆ ಹೋದವಳ ಹೆಸರು ಮರುದಿನ ವಾರ್ಡಿನಲ್ಲೆಲ್ಲ. ಹೀಗಾಗಿ ಗುಳಿಗೆ ನುಂಗಿ ಪಾಳಿಗೆ ನಿಲ್ಲುವುದು ರೂಢಿ. ಮಗ್ಗದ ಮುಂದೆ ನಿಂತ ತಂದೆಯೂ ರೋಗಿಯ ಮಂಚದ ಮುಂದೆ ನಿಂತ ಮಗಳೂ ಒಂದೇ ಕಾರಣಕ್ಕೆ ಒಂದೇ ಗುಳಿಗೆ ನುಂಗುತ್ತಿದ್ದರು ಎಂಬುದು ನಮಗೆ ಹೊಳೆದದ್ದು ತಡವಾಗಿ.

ಕಾಯಿದೆ ಇಲ್ಲವೆಂದಲ್ಲ. ನೋಂದಾಯಿತ ಫಾರ್ಮಸಿಸ್ಟನೇ ಔಷಧ ಕೊಡಬೇಕೆಂದು 1948ರ ಫಾರ್ಮಸಿ ಕಾಯಿದೆ ಹೇಳುತ್ತದೆ. ಚೀಟಿ ಇಲ್ಲದೆ ಮಾರಬಾರದ ಔಷಧಗಳಿಗೆ ‘ಎಚ್’ ಎಂಬ ಅನುಸೂಚಿ ಇದೆ. 2014ರ ಮಾರ್ಚ್ 1ರಿಂದ ‘ಎಚ್ 1’ ಎಂಬ ಇನ್ನೊಂದು ಅನುಸೂಚಿ ಜಾರಿಗೆ ಬಂದಿತು. ಕ್ಷಯದ ಔಷಧ, ಕೆಲವು ಆಂಟಿಬಯೋಟಿಕ್, ನಿದ್ದೆಯ ಗುಳಿಗೆ ಅದರಲ್ಲಿವೆ. ಅವನ್ನು ಮಾರಿದ ಅಂಗಡಿಯವರು ಡಾಕ್ಟರರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಯಾವ ಅಂಗಡಿಯಲ್ಲಿ ಆ ಪುಸ್ತಕ ಕಂಡಿದ್ದೀರಿ? ಪಟ್ಟಿಯ ಮೇಲಿನ ಕೆಂಪು ಗೆರೆ ಏಕಿದೆ ಎಂದು ಯಾರಾದರೂ ನಿಮಗೆ ಹೇಳಿದ್ದಾರೆಯೇ?

ಇನ್ನು ನಮ್ಮ ಚಂದಾದಾರರಾದ ಕಿರಾಣಿ ವ್ಯಾಪಾರಸ್ಥರಿಗೆ ಒಂದು ಮಾತು. ಸಿಟ್ಟು ಬರಬಹುದು, ಬರಲಿ. ಬೀಡಿಕಟ್ಟಿನ ಪಕ್ಕದ ಡಬ್ಬಿಯಲ್ಲಿ ಗುಳಿಗೆ ಇಟ್ಟು ಬಿಡಿಯಾಗಿ ಮಾರುವುದು ಜನಸೇವೆ ಎಂದು ನೀವು ಹೇಳುತ್ತೀರಿ. ಜ್ವರದ ಗುಳಿಗೆ, ನೋವಿನ ಮುಲಾಮು ಮುಂತಾದ ಕೆಲವು ಮನೆಮದ್ದುಗಳನ್ನು ಪರವಾನಗಿ ಇಲ್ಲದೆ ಮಾರಲು ನಿಯಮದಲ್ಲಿ ಅವಕಾಶ ಇದೆ ನಿಜ. ಅದು ಸಾವಿರಕ್ಕಿಂತ ಹೆಚ್ಚು ಜನವಿಲ್ಲದ ಹಳ್ಳಿಗೆ. ಸಾವಳಗಿ ಅಂಥ ಹಳ್ಳಿಯೇ? ಆಂಟಿಬಯೋಟಿಕ್ಕಿಗಂತೂ ಆ ಅವಕಾಶ ಎಲ್ಲಿಯೂ ಇಲ್ಲ. ಎರಡು ರೂಪಾಯಿ ಲಾಭಕ್ಕೆ ನಿಮ್ಮ ಓಣಿಯವನಿಗೇ ವಿಷ ಅಳೆಯಬೇಡಿ. ದೊಡ್ಡ ಸಾಹುಕಾರ ನಿಮ್ಮನ್ನು ಹಿಂಡುತ್ತಾನೆಂದು ನಾವು ನಿಮ್ಮ ಪರ ಬರೆದಿದ್ದೇವೆ, ಮುಂದೆಯೂ ಬರೆಯುವೆವು. ಅದೇ ಹಕ್ಕಿನಿಂದ ಇದನ್ನೂ ಹೇಳುತ್ತಿದ್ದೇವೆ.

ನಿಮಗಿಂತ ದೊಡ್ಡ ವ್ಯಾಪಾರಿಗಳನ್ನು ಮರೆತಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಔಷಧವನ್ನು ಸರಕಾರವೇ ಮಾಡಬೇಕೆಂಬ ವಿಚಾರ ಇತ್ತು. ಪುಣೆಯ ಹತ್ತಿರ ಪಿಂಪರಿಯಲ್ಲಿ 1954ರಲ್ಲಿ ಹಿಂದುಸ್ಥಾನ ಆಂಟಿಬಯೋಟಿಕ್ಸ್ ಎದ್ದಿತು, 1961ರಲ್ಲಿ ಐ.ಡಿ.ಪಿ.ಎಲ್. ಬಂದಿತು. ವಿದೇಶೀ ಔಷಧ ಕಂಪನಿಗಳನ್ನು ರಾಷ್ಟ್ರೀಕರಿಸಬೇಕೆಂದು 1975ರಲ್ಲಿ ಹಾಥಿ ಸಮಿತಿ ಶಿಫಾರಸು ಮಾಡಿತು. ಆ ಶಿಫಾರಸು ಕಪಾಟು ಸೇರಿತು, ಆ ಕಾರಖಾನೆಗಳು ರೋಗಿಷ್ಟವಾದವು. ಪೇಟೆ ಯಾರ ಕೈಗೆ ಹೋಯಿತು? 2016ರಲ್ಲಿ 344 ಬಗೆಯ ಮಿಶ್ರ ಔಷಧಗಳನ್ನು ಸರಕಾರ ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು. ಮತ್ತೆ ಪರಿಶೀಲಿಸಿ 2018ರಲ್ಲಿ 328ನ್ನು ನಿಷೇಧಿಸಬೇಕಾಯಿತು. ಇವುಗಳಲ್ಲಿ ಚಿಕಿತ್ಸೆಗೆ ಸಮರ್ಥನೆ ಇಲ್ಲ, ಅಪಾಯ ಇರಬಹುದು ಎಂಬುದೇ ಕಾರಣ. ಅಲ್ಲಿಯವರೆಗೆ ಇವನ್ನು ನುಂಗಿದವರಾರು? ಗಳಿಸಿದವರಾರು? ಹುಡುಗನೊಬ್ಬ ವಸತಿಗೃಹದಲ್ಲಿ ತಾನೇ ನುಂಗುವುದು ದೋಷವೆಂದು ಗದರಿಸುವ ದೊಡ್ಡವರು ಈ ಪ್ರಶ್ನೆಗೆ ಬಾಯಿ ಬಿಡರು.

ನಮ್ಮ ಒತ್ತಾಯ ಬಹಳವಿಲ್ಲ. ಮಗ್ಗ ನಿಂತ ಮೇಲೆ, ಸಂಜೆ ಆರರಿಂದ ಒಂಬತ್ತರವರೆಗೆ ಸರಕಾರಿ ದವಾಖಾನೆಯ ಬಾಗಿಲು ತೆರೆದಿರಲಿ, ಒಳಗೆ ಡಾಕ್ಟರರಿರಲಿ, ಔಷಧ ಅಲ್ಲಿಯೇ ಸಿಗಲಿ. ಮಗ್ಗದ ಮನೆಗೆ ವಿಮೆ ಮಾಲಕರ ಮರ್ಜಿಯ ಮೇಲೆ ನಿಲ್ಲದಿರಲಿ. ಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ಗುಟ್ಟಾಗಿ ನೋಡುವ ಡಾಕ್ಟರರನ್ನು ಇಡಲಿ, ಜ್ವರಕ್ಕೆ ರಜೆ ಕೊಟ್ಟರೆ ಹಾಜರಿ ಕತ್ತರಿಸದಿರಲಿ. ಮತ್ತು ಮೊದಲ ತಿಂಗಳಲ್ಲಿಯೇ, ಊರಿಗೆ ಹೋದಾಗ ಓಣಿಯವರು ಕೈಯೊಡ್ಡಿದರೆ ಏನು ಹೇಳಬೇಕೆಂಬ ಪಾಠ ಮಾಡಲಿ. ಸರಕಾರ ಕಟ್ಟದ ಬ್ಯಾರೇಜನ್ನು 1989ರಲ್ಲಿ ಇದೇ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಮ್ಮ ಹಣ, ತಮ್ಮ ಬೆವರಿನಿಂದ ಕೃಷ್ಣೆಗೆ ಅಡ್ಡ ಕಟ್ಟಿದರು. ಅಂಥವರ ನಾಡಿಗೆ ಮೂರು ತಾಸು ದವಾಖಾನೆ ತೆರೆಸುವುದು ದೊಡ್ಡ ಮಾತೇನಲ್ಲ.

ಮುಂದಿನ ಸಂತೆಯ ದಿನ ಸಾವಳಗಿಯಲ್ಲಿ ನಮ್ಮ ಕಾರ್ಯಕರ್ತರು ಮೇಜು ಹಾಕಿ ಕೂರುವರು. ಮನೆಯ ಗೂಡಿನಲ್ಲಿ, ಡಬ್ಬಿಯಲ್ಲಿ ಇಟ್ಟ ಹಳೆಯ ಗುಳಿಗೆ, ಹಳೆಯ ಚೀಟಿ ಎಲ್ಲ ತನ್ನಿರಿ. ಆ ನೇಕಾರನ ಮಗಳು ಈಗ ಕೊನೆಯ ವರ್ಷದಲ್ಲಿದ್ದಾಳೆ, ರಜೆಗೆ ಬಂದವಳು ಅಲ್ಲಿ ಕೂರಲು ಒಪ್ಪಿದ್ದಾಳೆ. ರಕ್ತದೊತ್ತಡ ನೋಡುವಳು, ಪಟ್ಟಿಯ ಮೇಲಿನ ತಾರೀಖು ಓದುವಳು, ಕೆಂಪು ಗೆರೆ ತೋರಿಸುವಳು. ಯಾವುದನ್ನು ನುಂಗಬೇಕೆಂದು ಮಾತ್ರ ಹೇಳುವುದಿಲ್ಲವಂತೆ. ‘ಅದನ್ನ ಕೇಳಬ್ಯಾಡರಿ ಅಂತ ಮೊದಲs ಬರೀರಿ ಸರ್’ ಎಂದಿದ್ದಾಳೆ. ಬರೆದಿದ್ದೇವೆ.