ಅಂಗಳದ ಹಕ್ಕು

ನವೆಂಬರಿನ ಲಂಡನ್. ಸಂಜೆ ನಾಲ್ಕು ದಾಟುತ್ತಲೇ ಕತ್ತಲು. ನರ್ಸರಿ ಶಾಲೆಯಿಂದ ಹೊರಬರುವ ನಾಲ್ಕು ವರ್ಷದ ಮಗುವಿನ ಮೊಣಕಾಲಿನವರೆಗೆ ಕೆಸರು ಮೆತ್ತಿದೆ. ಜೇಬಿನಲ್ಲಿ ಎರಡು ಬೆಣಚುಕಲ್ಲು, ಒಂದು ಒದ್ದೆ ಎಲೆ. ಶನಿವಾರದ ವಿಡಿಯೊ ಕರೆಯಲ್ಲಿ ಹಾಸನದ ಅಜ್ಜಿ, ‘ಸ್ಕೂಲಲ್ಲಿ ಏನು ಬರೆಸಿದರು ಪುಟ್ಟಾ?’ ಎಂದು ಕೇಳುತ್ತಾರೆ. ಮಗು ಕಣ್ಣರಳಿಸಿ ಕೆಸರಿನ ಕಥೆ ಹೇಳುತ್ತದೆ. ಕಥೆ ಮುಗಿದ ಮೇಲೆ ಅಜ್ಜಿ ಮಗನನ್ನು ಕರೆದು, ದನಿ ತಗ್ಗಿಸಿ, ‘ಅಷ್ಟೊಂದು ದುಡ್ಡು ಕೊಟ್ಟು ಮಣ್ಣಾಡೋಕೆ ಕಳಿಸ್ತೀಯೇನೋ?’ ಎನ್ನುತ್ತಾರೆ.

ಅನಿವಾಸಿ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಈ ಮಾತು ನಗೆಯಲ್ಲಿ ತೇಲಿಹೋಗುತ್ತದೆ. ತೇಲಿಹೋಗಬಾರದು. ಅಜ್ಜಿ ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆಗಳನ್ನು ಕೇಳಿದ್ದಾರೆ. ಮಣ್ಣಾಟದಲ್ಲಿ ಕಲಿಯುವುದೇನು ಎಂಬುದು ಒಂದು. ಅದಕ್ಕೆ ದುಡ್ಡು ಏಕೆ ಕೊಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಶಿಕ್ಷಕಿಯರು ಉತ್ತರ ಕೊಡಬಲ್ಲರು. ಎರಡನೆಯದು ರಾಜಕೀಯದ ಪ್ರಶ್ನೆ.

ಮಳೆ ನಿಂತ ಮೇಲಿನ ನರ್ಸರಿ ಅಂಗಳವನ್ನು ಅರ್ಧ ಗಂಟೆ ನಿಂತು ನೋಡಿದರೆ ಸಾಕು. ಉದ್ದಕ್ಕೆ ಸೀಳಿದ ಒಂದು ಪ್ಲಾಸ್ಟಿಕ್ ಕೊಳವೆ, ಎರಡು ಇಟ್ಟಿಗೆ, ಒಂದು ಬಕೆಟ್. ಮಕ್ಕಳು ಸುರಿದ ನೀರು ಮುಂದೆ ಹೋಗದೆ ಹಿಂದಕ್ಕೇ ಬರುತ್ತದೆ. ಒಬ್ಬಳು ಕೊಳವೆಯ ತುದಿಯನ್ನು ಎತ್ತಿ ಹಿಡಿಯುತ್ತಾಳೆ, ಕೈ ಸೋಲುತ್ತದೆ, ಇಟ್ಟಿಗೆ ಬೇಕೆಂದು ಹೊಳೆಯುತ್ತದೆ. ಇಟ್ಟಿಗೆ ಮತ್ತೊಬ್ಬನ ವಶದಲ್ಲಿದೆ, ಅವನು ಅದನ್ನು ಬಸ್ಸು ಮಾಡಿಕೊಂಡಿದ್ದಾನೆ. ವಾದ, ಒಂದಿಷ್ಟು ಅಳು, ಆಮೇಲೆ ರಾಜಿ. ನೀರು ಹರಿದಾಗ ಇಬ್ಬರೂ ಕೂಗುತ್ತಾರೆ. ಶಿಕ್ಷಕಿ ಸುಮ್ಮನೆ ನಿಂತಂತೆ ಕಾಣುತ್ತದೆ. ಅವಳು ಆಡುವುದು ಒಂದೇ ಮಾತು: ‘ಇನ್ನೊಂದು ಇಟ್ಟಿಗೆ ಇಟ್ಟರೆ ಏನಾಗಬಹುದು?’ ಆ ಮಾತನ್ನು ಯಾವ ಕ್ಷಣದಲ್ಲಿ ಆಡಬೇಕೆಂದು ತಿಳಿಯುವುದಕ್ಕೆ ವರ್ಷಗಳ ತರಬೇತಿ ಬೇಕು. ಇಳಿಜಾರು, ಭಾರ, ಕಾರಣ, ಪರಿಣಾಮ, ಸರದಿ ಇವೆಲ್ಲ ಅಲ್ಲಿ ಕೈಗೆ ಸಿಕ್ಕುವ ವಸ್ತುಗಳು. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದು ಇಂಗ್ಲಿಷಿನ ನಡುವೆ ಮೂಕವಾಗಿ ಕುಳಿತಿದ್ದ ಮಗು ಹಲವು ಸಲ ಮೊದಲ ಇಂಗ್ಲಿಷ್ ಮಾತನ್ನಾಡುವುದು ಇಂಥಲ್ಲಿಯೇ, ಹಲಗೆಯ ಇನ್ನೊಂದು ತುದಿಯನ್ನು ಹಿಡಿಯಲು ಯಾರನ್ನಾದರೂ ಕರೆಯಬೇಕಾದಾಗ.

ದೇಹದ ಲೆಕ್ಕವೂ ಇದೆ. ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಬಲ ಬರುವುದು ಭುಜ, ಮುಂಗೈ, ಬೆನ್ನು ಗಟ್ಟಿಯಾದ ಮೇಲೆ. ಮರ ಹತ್ತುವ, ಬಕೆಟ್ ಹೊರುವ, ಜೋತುಬೀಳುವ ಮಗು ಬರವಣಿಗೆಯ ಪೂರ್ವಸಿದ್ಧತೆಯಲ್ಲಿಯೇ ತೊಡಗಿದೆ. ಕಣ್ಣಿನ ವಿಷಯದಲ್ಲಿ ಪುರಾವೆ ಇನ್ನೂ ಸ್ಪಷ್ಟ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರೇಳು ವರ್ಷದ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣದ ಅವಕಾಶ ಕೊಡಲಾಯಿತು. ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ ಆ ಶಾಲೆಗಳಲ್ಲಿ ಶೇ. 30ರಷ್ಟಿದ್ದರೆ, ಉಳಿದ ಶಾಲೆಗಳಲ್ಲಿ ಶೇ. 40ರ ಸಮೀಪವಿತ್ತು. ಸಿಂಗಪುರದಲ್ಲಿ ನೆಲೆಸಿದ ಓದುಗರಿಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ದುಡ್ಡಿನ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಲಂಡನ್ನಿನ ಆಗ್ನೇಯ ಭಾಗದ ಡೆಟ್‌ಫರ್ಡಿಗೆ ಹೋಗಬೇಕು, ಅದೂ 1914ಕ್ಕೆ.

ಮಾರ್ಗರೆಟ್ ಮತ್ತು ರೇಚಲ್ ಮೆಕ್‌ಮಿಲನ್ ಸಹೋದರಿಯರು ಅಮೆರಿಕಕ್ಕೆ ವಲಸೆ ಹೋಗಿದ್ದ ಸ್ಕಾಟಿಷ್ ದಂಪತಿಯ ಮಕ್ಕಳು. ತಂದೆ ತೀರಿಕೊಂಡ ಮೇಲೆ ತಾಯಿಯೊಂದಿಗೆ ಸ್ಕಾಟ್ಲೆಂಡಿಗೆ ಮರಳಿದವರು. ಇಬ್ಬರೂ ಸಮಾಜವಾದಿಗಳು. 1894ರಲ್ಲಿ ಬ್ರಾಡ್‌ಫರ್ಡಿನ ಶಾಲಾ ಮಂಡಳಿಗೆ ಆಯ್ಕೆಯಾದ ಮಾರ್ಗರೆಟ್, ಹಸಿದ ಮಗುವಿಗೆ, ತೊಳೆಯದ ಮೈಯ ಮಗುವಿಗೆ ಪಾಠ ಹೇಳುವುದು ವ್ಯರ್ಥವೆಂದು ವಾದಿಸುತ್ತ ಬಂದರು. 1906ರ ಶಾಲಾ ಊಟದ ಕಾಯಿದೆ, 1907ರ ಶಾಲಾ ವೈದ್ಯಕೀಯ ತಪಾಸಣೆಯ ಕಾಯಿದೆಗಳ ಹಿಂದೆ ಅವರಂಥವರ ಒತ್ತಾಯವಿತ್ತು. ಡೆಟ್‌ಫರ್ಡಿನಲ್ಲಿ 1910ರಲ್ಲಿ ಮಕ್ಕಳ ಚಿಕಿತ್ಸಾಲಯ ತೆರೆದಾಗ ಸಹೋದರಿಯರ ಕಣ್ಣಿಗೆ ಬಿದ್ದದ್ದು ಸರಳವಾದ ಸತ್ಯ. ಗುಣವಾಗಿ ಮನೆಗೆ ಹೋದ ಮಗು ಅದೇ ಕಜ್ಜಿ, ಅದೇ ಕೆಮ್ಮು ಹೊತ್ತು ಮತ್ತೆ ಬರುತ್ತಿತ್ತು. ರೋಗ ಇದ್ದದ್ದು ಬಿಸಿಲು ಬೀಳದ ಕಿಕ್ಕಿರಿದ ಕೋಣೆಯಲ್ಲಿ. ಅದಕ್ಕೆ ಔಷಧವೆಂದರೆ ತೋಟ.

ಹಾಗಾಗಿ ಅವರು ಕಟ್ಟಿದ್ದು ತೋಟವಾಗಿದ್ದ ಶಾಲೆ. ಒಂದು ಬದಿ ತೆರೆದ ಚಪ್ಪರಗಳು, ತರಕಾರಿ ಮಡಿಗಳು, ಗಂಧದ ಗಿಡಗಳು, ಹತ್ತಲು ಮರ, ಸಾಕುಪ್ರಾಣಿಗಳು. ಸ್ನಾನ, ಊಟ, ನಿದ್ದೆ. ಜೊತೆಗೆ ಕಲ್ಲು, ಹಳೆಯ ತಗಡು, ಒಡೆದ ಪಾತ್ರೆಗಳ ಒಂದು ಗುಡ್ಡೆಯೂ ಇರಲೇಬೇಕೆಂದು ಮಾರ್ಗರೆಟ್ ಬಯಸಿದ್ದರು. ಎಲ್ಲವನ್ನೂ ಅಚ್ಚುಕಟ್ಟಾಗಿಡುವುದು ದೊಡ್ಡವರ ಚಟ, ಮಕ್ಕಳಿಗೆ ಕೆದಕಲು ಏನಾದರೂ ಬೇಕೆಂಬುದು ಅವರ ನಿಲುವು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋಗುತ್ತಿದ್ದ ತಾಯಂದಿರ ಮಕ್ಕಳು ಇಲ್ಲಿಗೆ ಬಂದರು. ರೇಚಲ್ 1917ರಲ್ಲಿ ತೀರಿಕೊಂಡರು. ಶಾಲೆಗೆ ಅವರ ಹೆಸರು ಬಂತು. 1918ರ ಶಿಕ್ಷಣ ಕಾಯಿದೆ ಸ್ಥಳೀಯ ಸಂಸ್ಥೆಗಳು ನರ್ಸರಿ ಶಾಲೆಗಳನ್ನು ತೆರೆಯಬಹುದೆಂದಿತು. ‘ತೆರೆಯಬಹುದು’, ‘ತೆರೆಯಬೇಕು’ ಅಲ್ಲ. ಕೆಲವೇ ವರ್ಷಗಳಲ್ಲಿ ಮಿತವ್ಯಯದ ಹೆಸರಿನಲ್ಲಿ ಹಣಕ್ಕೆ ಕತ್ತರಿ ಬಿತ್ತು. (ಆಳುವವರಿಗೆ ಮಕ್ಕಳ ಆಟದ ಬಗೆಗಿನ ಅನುಮಾನ ಇನ್ನೂ ಹಳೆಯದು. ಫ್ರೋಬೆಲ್‌ನ ಕಿಂಡರ್‌ಗಾರ್ಟನ್‌ಗಳನ್ನು ಪ್ರಷ್ಯದ ಸರ್ಕಾರ 1851ರಲ್ಲಿ ನಿಷೇಧಿಸಿತ್ತು. ನಾಸ್ತಿಕತೆ ಮತ್ತು ಸಮಾಜವಾದ ಅವುಗಳ ಮೇಲಿದ್ದ ಆರೋಪ. ನಿಷೇಧ ತೆರವಾದದ್ದು 1860ರಲ್ಲಿ.)

ಬಯಲಿನ ಶಿಕ್ಷಣ ಹುಟ್ಟಿದ್ದು ಮನೆಯಲ್ಲಿ ಅಂಗಳವಿಲ್ಲದವರ ಮಕ್ಕಳಿಗಾಗಿ ಎಂಬುದನ್ನು ಇಂದು ನೆನಪಿಸಬೇಕಾಗಿ ಬಂದಿದೆ. ಏಕೆಂದರೆ ಅದು ಈಗ ಮಾರಾಟದ ಸರಕು. ಕಾಡಿನ ನರ್ಸರಿ, ಮಣ್ಣಿನ ಅಡುಗೆಮನೆ ಎಂದು ಖಾಸಗಿ ಶಾಲೆಗಳು ಜಾಹೀರಾತು ಕೊಡುತ್ತವೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತ ನಡೆಸುವ ನರ್ಸರಿ ಶಾಲೆಗಳು 400ಕ್ಕಿಂತ ಕಡಿಮೆ ಉಳಿದಿವೆ. ಅಲ್ಲಿನ ನಿಯಮ ಒಳಕೋಣೆಯಲ್ಲಿ ಮೂರು ವರ್ಷ ಮೇಲ್ಪಟ್ಟ ಪ್ರತಿ ಮಗುವಿಗೆ 2.3 ಚದರ ಮೀಟರ್ ಜಾಗ ಇರಬೇಕೆನ್ನುತ್ತದೆ. ಹೊರಾಂಗಣದ ವಿಷಯ ಬಂದಾಗ, ಅಂಗಳವಿರಲಿ, ಇಲ್ಲದಿದ್ದರೆ ದಿನವೂ ಹೊರಗೆ ಕರೆದೊಯ್ಯಿರಿ ಎಂದು ಹೇಳಿ ಸುಮ್ಮನಾಗುತ್ತದೆ.

ಇದರಲ್ಲಿ ವಲಸಿಗರಿಗೆ ನೇರವಾಗಿ ತಟ್ಟುವ ಒಂದು ಅಂಶವಿದೆ, ಕನ್ನಡ ಸಂಘಗಳ ವೇದಿಕೆಯಲ್ಲಿ ಅದು ಕೇಳಿಬರುವುದು ಅಪರೂಪ. ಇಂಗ್ಲೆಂಡಿನಲ್ಲಿ ಮೂರು, ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಶಾಲಾ ಅವಧಿಯ ವಾರಗಳಲ್ಲಿ 15 ಗಂಟೆ ಉಚಿತ. ದುಡಿಯುವ ತಂದೆತಾಯಂದಿರ ಮಕ್ಕಳಿಗೆ 30 ಗಂಟೆ. 2025ರ ಸೆಪ್ಟೆಂಬರಿನಿಂದ ಅದು ಒಂಬತ್ತು ತಿಂಗಳ ಕೂಸಿಗೂ ವಿಸ್ತರಿಸಿದೆ. ಆದರೆ ತಂದೆತಾಯಿ ಇಬ್ಬರ ವೀಸಾದ ಮೇಲೂ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂಬ ಷರತ್ತಿದ್ದರೆ ಆ 30 ಗಂಟೆ ಸಿಗದು. ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ಮಂಗಳೂರಿನ ನರ್ಸ್ ಕಟ್ಟುವ ತೆರಿಗೆಗೆ ಇಂಥ ಷರತ್ತಿಲ್ಲ. ಒಂದೇ ಕೆಸರಿನಲ್ಲಿ ಆಡುವ ಇಬ್ಬರು ಮಕ್ಕಳಲ್ಲಿ ಒಂದು ಸಂಜೆಯವರೆಗೆ ಉಳಿಯುತ್ತದೆ. ಇನ್ನೊಂದು, ಉಳಿದ ಗಂಟೆಗಳಿಗೆ ಹಣ ತೆರಲಾಗದ ಮನೆಯದಾದರೆ, ಮಧ್ಯಾಹ್ನವೇ ಬೂಟು ಕಳಚಿ ಹೊರಡುತ್ತದೆ.

ಹಾಸನದ ಅಜ್ಜಿಯ ಮಾತಿಗೆ ಮರಳಿದರೆ, ಅವರ ಆತಂಕವನ್ನು ಹಳೆಯ ಕಾಲದ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ತಲೆಮಾರುಗಳ ಕಾಲ ಅಕ್ಷರದಿಂದ ದೂರವಿಡಲ್ಪಟ್ಟ ಸಮುದಾಯಗಳಿಗೆ ಸ್ಲೇಟಿನ ಮೇಲಿನ ‘ಅ’ ಬಿಡುಗಡೆಯ ಮೊದಲ ಗುರುತು. ಮಣ್ಣಿನಲ್ಲಿ ದುಡಿದು ಸೋತವರಿಗೆ, ಮಗು ಮಣ್ಣಿನಲ್ಲಿ ಆಡಿ ಕಲಿಯುತ್ತದೆ ಎಂದರೆ ಅದು ಉಳ್ಳವರ ಶೋಕಿಯಂತೆ ಕೇಳುವುದು ಸಹಜ. ಊರಿನ ಹಳೆಯ ಆಟಗಳ ಹಂಬಲವೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಲಗೋರಿ, ಚಿನ್ನಿದಾಂಡು, ಮರಕೋತಿ ಎಂದು ಕಣ್ಣು ತೇವ ಮಾಡಿಕೊಳ್ಳುವವರು, ಆ ಬಯಲಿನ ಅಂಚಿನಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದ ಹುಡುಗಿಯನ್ನು ನೆನೆಯುವುದು ಕಡಿಮೆ. ದೇವಸ್ಥಾನದ ಮುಂದಿನ ಬಯಲಿಗೆ ಕಾಲಿಡಲಾಗದ ಕೇರಿಯ ಮಕ್ಕಳನ್ನಂತೂ ನೆನೆಯುವುದೇ ಇಲ್ಲ. ಆಟದ ಬಯಲು ಎಂದೂ ಎಲ್ಲರದಾಗಿರಲಿಲ್ಲ. ಅದಕ್ಕಾಗಿಯೇ ಅದು ಶಾಲೆಯ ಒಳಗೆ, ಸರ್ಕಾರದ ಖರ್ಚಿನಲ್ಲಿ, ಹಕ್ಕಾಗಿ ಬರಬೇಕು. ಅಕ್ಷರ ಮತ್ತು ಆಟಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಇಕ್ಕಟ್ಟು ಇರುವುದು ಬಡವರ ಮಕ್ಕಳಿಗೆ ಮಾತ್ರ; ಉಳ್ಳವರ ಮಕ್ಕಳಿಗೆ ಎರಡೂ ದೊರೆಯುತ್ತಿವೆ.

ಭಾರತದಲ್ಲಿ ಈ ಯೋಚನೆ ಹೊರಗಿನಿಂದ ತಂದು ನೆಡಬೇಕಾದದ್ದಲ್ಲ. 1940ರ ದಶಕದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ, ಮುಂದೆ ಕೋಸಬಾಡದಲ್ಲಿ, ಬಡವರ ಮತ್ತು ಆದಿವಾಸಿಗಳ ಮಕ್ಕಳ ನಡುವೆ ಕೆಲಸ ಮಾಡಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದರು. ಬೆಲೆಬಾಳುವ ಮಾಂಟೆಸ್ಸರಿ ಸಾಮಗ್ರಿಗಳ ಬದಲು ಬೀಜ, ಚಿಪ್ಪು, ಎಲೆ, ಕಲ್ಲುಗಳನ್ನು ಬಳಸಿದರು. ಅಂಗನವಾಡಿ ಎಂಬ ಹೆಸರಿನ ಹಿಂದಿರುವುದು ಆ ಅಂಗಳ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ.

ಐವತ್ತು ವರ್ಷಗಳ ನಂತರ ಹೆಸರು ಉಳಿದಿದೆ. ಅಂಗಳ ಎಲ್ಲ ಕಡೆ ಉಳಿದಿಲ್ಲ. ಬೆಂಗಳೂರಿನ ಇಕ್ಕಟ್ಟಿನ ಓಣಿಗಳಲ್ಲಿ ಬಾಡಿಗೆಯ ಒಂದೇ ಕೋಣೆಯಲ್ಲಿ ಅಕ್ಕಿ ಮೂಟೆ, ತೂಕದ ಯಂತ್ರ, ದಾಖಲೆ ಪುಸ್ತಕಗಳ ನಡುವೆ ಮಕ್ಕಳು ಕುಳಿತಿರುತ್ತಾರೆ. ಹೊಸ್ತಿಲಾಚೆ ದ್ವಿಚಕ್ರ ವಾಹನಗಳು. ಕಾರ್ಯಕರ್ತೆ ಮಗುವಿನ ತೂಕ ಬರೆಯಬೇಕು, ಗರ್ಭಿಣಿಯರ ಪಟ್ಟಿ ಇಡಬೇಕು, ಪೋಷಣ್ ಟ್ರ್ಯಾಕರ್‌ಗೆ ವಿವರ ತುಂಬಬೇಕು, ಸರ್ಕಾರ ಹೇಳಿದ ಸಮೀಕ್ಷೆಗಳಿಗೆಲ್ಲ ಹೋಗಬೇಕು. ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅವಳಿಗೆ ಗ್ರಾಚ್ಯುಟಿಯ ಹಕ್ಕಿದೆ ಎನ್ನಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಇಷ್ಟೆಲ್ಲದರ ನಡುವೆ ಮಕ್ಕಳನ್ನು ಹೊರಗೆ ಕರೆದೊಯ್ದು, ಇಟ್ಟಿಗೆಯ ಬಗ್ಗೆ ಸರಿಯಾದ ಕ್ಷಣದಲ್ಲಿ ಸರಿಯಾದ ಪ್ರಶ್ನೆ ಕೇಳು ಎಂದು ಅವಳಿಗೆ ಉಪದೇಶಿಸುವುದು ಕ್ರೌರ್ಯ.

ಕಾನೂನು ಕೂಡ ಈ ಮಕ್ಕಳನ್ನು ಹೊಸ್ತಿಲಲ್ಲೇ ನಿಲ್ಲಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಖಾತರಿ 6ರಿಂದ 14 ವರ್ಷದವರಿಗೆ. ಅದರ ಅನುಸೂಚಿ ಶಾಲೆಗೆ ಆಟದ ಮೈದಾನ ಬೇಕೆನ್ನುತ್ತದೆ. ಆರರ ಕೆಳಗಿನವರ ವಿಷಯದಲ್ಲಿ ಸರ್ಕಾರ ವ್ಯವಸ್ಥೆ ‘ಮಾಡಬಹುದು’ ಎಂದಷ್ಟೇ ಇದೆ. 1918ರ ಇಂಗ್ಲೆಂಡಿನ ಅದೇ ಕ್ರಿಯಾಪದ. ಆಟವೇ ಪಾಠವಾಗಿರುವ ವಯಸ್ಸಿಗೆ ಮೈದಾನದ ಹಕ್ಕಿಲ್ಲ.

ಈ ಖಾಲಿ ಜಾಗವನ್ನು ತುಂಬಿರುವುದು ಎಲ್‌ಕೆಜಿ. ಮೂರೂವರೆ ವರ್ಷದ ಮಗುವಿಗೆ ಟೈ, ಕಾಪಿ ಪುಸ್ತಕ, ಹೋಂವರ್ಕ್. ಸರ್ಕಾರಿ ಶಾಲೆಗಳಲ್ಲೂ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರದ ವಿರುದ್ಧ ಅಂಗನವಾಡಿ ನೌಕರರು 2024ರಲ್ಲಿ ಬೀದಿಗಿಳಿದರು. ಮಕ್ಕಳೆಲ್ಲ ಅತ್ತ ಹೋದರೆ ಅಂಗನವಾಡಿ ಬರಿದಾಗುತ್ತದೆಂಬ ಅವರ ಭಯ ಆಧಾರವಿಲ್ಲದ್ದಲ್ಲ. ಅದೇ ವರ್ಷ ಬೆಂಗಳೂರಿನ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಫಲಕ ಬಂತು. ಕರ್ನಾಟಕದ ಪೇಟೆಗಳಲ್ಲಿ ಶ್ರೀಮಂತರ ಶಾಲೆಯೆಂಬ ಅರ್ಥ ಪಡೆದಿರುವ ಈ ಹೆಸರಿನ ಮೊದಲ ಶಾಲೆ 1907ರಲ್ಲಿ ತೆರೆದದ್ದು ರೋಮ್ ನಗರದ ಬಡವರ ಬಡಾವಣೆಯಲ್ಲಿ, ಕಾರ್ಮಿಕರ ವಸತಿಯೊಂದರಲ್ಲಿ. ಫಲಕದೊಂದಿಗೆ ಆ ಚರಿತ್ರೆಯೂ ಬಂದಿದ್ದರೆ ಚೆನ್ನಾಗಿತ್ತು.

ಅನಿವಾಸಿ ಕನ್ನಡಿಗರು ಹುಟ್ಟೂರಿನ ಶಾಲೆಗಳಿಗೆ ಕೊಡುತ್ತಲೇ ಬಂದಿದ್ದಾರೆ. ಕಂಪ್ಯೂಟರ್, ಸ್ಮಾರ್ಟ್ ಟಿವಿ, ಬೆಂಚು, ದಾನಿಗಳ ಹೆಸರು ಬರೆದ ಕಮಾನು. ತಮ್ಮ ಮಗುವಿನ ಕೈಯಿಂದ ಪರದೆಯನ್ನು ಕಿತ್ತು ಕೆಸರಿಗೆ ಕಳಿಸುವವರೇ ಊರಿನ ಮಗುವಿಗೆ ಪರದೆಯನ್ನು ದಾನ ಮಾಡುತ್ತಿರುವುದು ದುರುದ್ದೇಶದಿಂದಲ್ಲ. ಕಲಿಕೆಯೆಂದರೆ ಏನೆಂಬುದಕ್ಕೆ ಇಲ್ಲಿಗೊಂದು, ಅಲ್ಲಿಗೊಂದು ಅಳತೆಗೋಲು ಇಟ್ಟುಕೊಂಡಿರುವುದರಿಂದ. ದಾನದ ಪಟ್ಟಿಯಲ್ಲಿ ಮರಳು ಗುಂಡಿ, ನೀರಿನ ತೊಟ್ಟಿ, ಬೇಲಿ, ಎರಡು ಹೊಂಗೆ ಸಸಿ ಸೇರಬಹುದು. ಆದರೆ ನೆಲವನ್ನು ದಾನಿಗಳು ಕೊಡಲಾರರು, ಅದನ್ನು ಸರ್ಕಾರದಿಂದಲೇ ಕೇಳಿ ಪಡೆಯಬೇಕು. ಡೆಟ್‌ಫರ್ಡಿನಲ್ಲೂ ಜಾಗ ಬಂದದ್ದು ನಗರಾಡಳಿತದಿಂದ, ನಾಮಮಾತ್ರದ ಬಾಡಿಗೆಗೆ. ಶಾಲೆಯ ಹಿಂದಿನ ಖಾಲಿ ನಿವೇಶನ ಯಾರ ಹೆಸರಿನಲ್ಲಿದೆ, ಅಂಗನವಾಡಿಗೆ ಮಂಜೂರಾದ ಜಾಗದಲ್ಲಿ ಈಗ ಏನಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕುಳಿತು ಕೇಳಲು, ಕಾರ್ಯಕರ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಲು, ರಜೆಗೆ ಊರಿಗೆ ಬಂದವರಿಗೆ ಒಂದು ಬೆಳಗು ಸಾಕು.