ಬ್ಯಾಂಕ್ ಮತ್ತು ಇಂಟರೆಸ್ಟ್

ಬ್ಯಾಂಕ್ ಎಂದರೇನು ಎಂದು ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಹಣ ಇಡುವ ಜಾಗ ಎನ್ನುತ್ತಾರೆ. ಉತ್ತರ ಸರಿಯೇ. ಇಟಲಿಯಲ್ಲಿ ಹಿಂದೆ ನಾಣ್ಯ ಬದಲಿಸಿಕೊಡುವವರು ವ್ಯಾಪಾರಕ್ಕೆ ಬಳಸುತ್ತಿದ್ದ ಬೆಂಚಿನಿಂದ ಆ ಹೆಸರು ಬಂತು.

ಆದರೆ ಸಿಂಧನೂರಿನ ಭತ್ತದ ಗದ್ದೆಗಳಿಗೆ ನೀರು ತರುವುದು ತುಂಗಭದ್ರಾ 'ಲೆಫ್ಟ್ ಬ್ಯಾಂಕ್' ಕಾಲುವೆ. ಲಿಂಗಸುಗೂರು ಕಡೆಗೆ ಬರುವುದು ಕೃಷ್ಣಾ ನದಿಯ ನಾರಾಯಣಪುರ 'ರೈಟ್ ಬ್ಯಾಂಕ್' ಕಾಲುವೆ. ಇಲ್ಲಿ ಬ್ಯಾಂಕ್ ಎಂದರೆ ದಂಡೆ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಗೈ ಕಡೆಯದು ಎಡದಂಡೆ, ಬಲಗೈ ಕಡೆಯದು ಬಲದಂಡೆ. ಈ ಊರುಗಳು ಎರಡು ನದಿಗಳ ನಡುವೆ ಇರುವುದರಿಂದ ಒಂದರ ಎಡಕ್ಕೂ ಇನ್ನೊಂದರ ಬಲಕ್ಕೂ ಸೇರಿವೆ. 2020ರಲ್ಲಿ ಮಸ್ಕಿ ತಾಲೂಕಿನ ರೈತರು ಧರಣಿ ಕುಳಿತದ್ದು ಇದೇ ಬಲದಂಡೆಯ 5ಎ ಕಾಲುವೆಗಾಗಿ. ದಂಡೆಯ ನೀರು ಬಾರದಿದ್ದರೆ ಹಣದ ಬ್ಯಾಂಕಿನ ಸಾಲ ತೀರುವುದೂ ಕಷ್ಟ.

ಸಾಲದ ಜೊತೆಗೇ ಬರುವ ಪದ 'ಇಂಟರೆಸ್ಟ್'. ಇದರ ಅರ್ಥಗಳು ಇನ್ನೂ ಹೆಚ್ಚು. ಮಗುವಿಗೆ ಗಣಿತದಲ್ಲಿ ಇಂಟರೆಸ್ಟ್ ಇದೆ ಎಂದರೆ ಆಸಕ್ತಿ. ಅದೇ ಗಣಿತ ಪುಸ್ತಕದ 'ಸಿಂಪಲ್ ಇಂಟರೆಸ್ಟ್' ಸರಳ ಬಡ್ಡಿ. 'ಪಬ್ಲಿಕ್ ಇಂಟರೆಸ್ಟ್' ಎಂದರೆ ಸಾರ್ವಜನಿಕ ಹಿತ.

ಇನ್ನೊಂದು ಅರ್ಥವನ್ನು ಸಹೋದರಿಯರು ಮುಖ್ಯವಾಗಿ ತಿಳಿದಿರಬೇಕು. ಇಂಗ್ಲಿಷ್‌ನಲ್ಲಿ ಬರೆದ ಆಸ್ತಿ ಪತ್ರಗಳಲ್ಲಿ 'ರೈಟ್, ಟೈಟಲ್ ಆಂಡ್ ಇಂಟರೆಸ್ಟ್' ಎಂಬ ಮೂರು ಪದಗಳು ಒಟ್ಟಿಗೆ ಬರುತ್ತವೆ. ಇಲ್ಲಿ ಬಡ್ಡಿಯ ಮಾತೇ ಇಲ್ಲ. ಆ ಜಮೀನಿನಲ್ಲಿ ಅಥವಾ ಮನೆಯಲ್ಲಿ ನಿಮಗಿರುವ ಪಾಲಿನ ಮಾತು. ತವರಿನ ಆಸ್ತಿಯ ಹಕ್ಕು ಬಿಡುಗಡೆ ಪತ್ರದಲ್ಲಿ ಈ ಸಾಲು ಇದ್ದರೆ, ಸಹಿ ಹಾಕಿದ ಮೇಲೆ ಆ ಪಾಲು ನಿಮ್ಮದಲ್ಲ. ಬಡ್ಡಿಯ ವಿಷಯ ತಾನೇ ಎಂದು ಮುಂದಿನ ಪುಟ ತಿರುಗಿಸುವ ಮಾತಲ್ಲ ಇದು.

ಗುರುತಿಸುವುದು ಹೇಗೆ? ಪಕ್ಕದ ಪದ ನೋಡಿ. 'ಇಂಟರೆಸ್ಟ್ ಆನ್ ದಿ ಲೋನ್' ಎಂದಿದ್ದರೆ ಸಾಲದ ಮೇಲಿನ ಬಡ್ಡಿ. 'ಇಂಟರೆಸ್ಟ್ ಇನ್ ದಿ ಪ್ರಾಪರ್ಟಿ' ಎಂದಿದ್ದರೆ, ಪತ್ರದ ಮಟ್ಟಿಗೆ, ಆಸ್ತಿಯಲ್ಲಿನ ಪಾಲು. ಮಕ್ಕಳಿಗೂ ಒಂದು ಪದಕ್ಕೆ ಒಂದೇ ಅರ್ಥ ಬಾಯಿಪಾಠ ಮಾಡಿಸಬೇಡಿ, ವಾಕ್ಯದೊಂದಿಗೇ ಕಲಿಸಿ.

ಇಂಗ್ಲಿಷ್ ಪತ್ರಕ್ಕೆ ಸಹಿ ಕೇಳಿದರೆ, ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಸಹಿ ನಿಮ್ಮದು, ಪಾಲೂ ನಿಮ್ಮದೇ.